ಮಳೆ ಬಂದರೆ ಮಿಸ್ ಹೊಡೆಯುವ ಹಳೇ 800: ಮೆಕ್ಯಾನಿಕ್ ಉತ್ತರಿಸುತ್ತಾರೆ

ಪ್ರಶ್ನೆ (ಮಲ್ಪೆಯಿಂದ): ಅಣ್ಣ, ನನ್ನದು 1998ರ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. ಅಪ್ಪ ತೆಗೆದುಕೊಂಡದ್ದು, ಕೊಡಲು ಮನಸ್ಸಿಲ್ಲ. ಮಳೆ ಶುರುವಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಡಗಡ ನಡುಗುತ್ತದೆ. ಬಿಸಿಯಾದ ಮೇಲೆ ಸ್ವಲ್ಪ ಸರಿಹೋಗುತ್ತದೆ, ಆದರೆ ಮಣಿಪಾಲದ ಏರು ಹತ್ತುವಾಗ ಮತ್ತೆ ಜರ್ಕ್, ಪಿಕಪ್ಪೇ ಇಲ್ಲ. ಪ್ಲಗ್ ಹೊಸದು ಹಾಕಿ ಆಯ್ತು, ಕಾರ್ಬುರೇಟರ್ ಕ್ಲೀನೂ ಆಯ್ತು. ಈಗ ಗ್ಯಾರೇಜಿನವರು ಕಾರ್ಬುರೇಟರೇ ಬದಲಿಸಿ ಅಂತಾರೆ. ಬೇಕಾ?

ಉತ್ತರ (ಮೆಕ್ಯಾನಿಕ್, ಮಂಗಳೂರು): ಈಗಲೇ ಬೇಡ ಮಾರಾಯ್ರೆ. ಯಾವ ಸಿಲಿಂಡರ್ ಸತ್ತಿದೆ, ಅಂದರೆ ಯಾವುದರಲ್ಲಿ ಪೆಟ್ರೋಲ್ ಉರಿಯದೆ ಮಿಸ್ ಆಗುತ್ತಿದೆ ಅಂತ ಗೊತ್ತಾಗುವ ಮೊದಲು ಒಂದು ಸಾಮಾನೂ ತರಬೇಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಮಳೆ, ಬೆಳಗಿನ ತೇವ, ಏರು, ಈ ಮೂರು ಸೇರಿದರೆ ನಾನು ಮೊದಲು ನೋಡುವುದು ಕರೆಂಟಿನ ಕಡೆ, ಪೆಟ್ರೋಲಿನ ಕಡೆ ಅಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನ ಒಳಗೆ ಪ್ರೆಷರ್ ಜಾಸ್ತಿಯಾಗುತ್ತದೆ, ಆಗ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ವೋಲ್ಟೇಜೂ ಜಾಸ್ತಿ ಬೇಕು. ಪ್ಲಗ್ಗಿನ ವೈರೋ, ಪ್ಲಗ್ಗುಗಳಿಗೆ ಸರದಿಯಲ್ಲಿ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪೋ ವೀಕಾಗಿದ್ದರೆ ಆ ಕರೆಂಟು ಪ್ಲಗ್ಗಿಗೆ ಹೋಗದೆ ಹೊರಗಡೆಯೇ ಇಂಜಿನ್ನಿನ ಲೋಹಕ್ಕೆ ಹಾರುತ್ತದೆ. ಐಡ್ಲಿಂಗಿನಲ್ಲಿ ಮಾತ್ರ ಮಿಸ್, ರೇಸ್ ಕೊಟ್ಟರೆ ಸರಿ ಅಂತ ನೀವು ಹೇಳಿದ್ದರೆ ಮಾತು ಬೇರೆ. ಆಗ ವ್ಯಾಕ್ಯೂಮ್ ಪೈಪ್ ಒಡೆದು ಗಾಳಿ ಎಳೆಯುತ್ತಿದೆಯಾ ಅಂತ ನೋಡುತ್ತಿದ್ದೆ.

800ರಲ್ಲಿ ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೆ ಮೂರರಲ್ಲಿ ಒಂದು ಪಾಲು ಹೋಯಿತು, ಅದಕ್ಕೇ ಅಷ್ಟು ನಡುಕ. ಅದನ್ನು ಹುಡುಕುವುದು ಹೀಗೆ: ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆಯಿರಿ, ಅದರ ತುದಿಗೆ ಬೇರೆ ಹಳೇ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹ ಇಂಜಿನ್ನಿಗೆ ಗಟ್ಟಿಯಾಗಿ ತಾಗುವ ಹಾಗೆ ಇಟ್ಟು ಸ್ಟಾರ್ಟ್ ಮಾಡಿ. ಪೆಟ್ರೋಲ್ ಲೀಕ್ ಇದ್ದರೆ ಮಾತ್ರ ಈ ಕೆಲಸಕ್ಕೇ ಹೋಗಬೇಡಿ. ನಡುಕ ಇನ್ನೂ ಜಾಸ್ತಿಯಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಅಂತ. ಏನೂ ವ್ಯತ್ಯಾಸ ಆಗದಿದ್ದರೆ ಕಳ್ಳ ಅದೇ. ಓಡುವ ಇಂಜಿನ್ನಿನ ವೈರನ್ನು ಬರಿಗೈಯಲ್ಲಿ ಎಳೆಯಬೇಡಿ, ಹೊಡೆತ ಜೋರು. ವೈರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ಓಡಿಸಲೂಬೇಡಿ, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್ ಹಾಳಾಗುತ್ತದೆ.

ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಒಳಗೆ ಟಾರ್ಚ್ ಹಿಡಿದು ನಿಧಾನ ನೋಡಿ. ಒಂದು ಟರ್ಮಿನಲಿನಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಕರೆಂಟು ಅಲ್ಲೇ ಓಡುತ್ತಿದೆ ಅಂತ ಅರ್ಥ. ಅದನ್ನು ಉಜ್ಜಿ ಉಪಯೋಗವಿಲ್ಲ, ಕ್ಯಾಪೇ ಬದಲಿಸಬೇಕು. ಕ್ಯಾಪಿನ ನಡುವಿನ ಕಾರ್ಬನ್ ಸವೆದಿದೆಯಾ, ಅದರ ಕೆಳಗೆ ತಿರುಗುವ ರೋಟರಿನ ತುದಿ ಸುಟ್ಟಿದೆಯಾ ಅದನ್ನೂ ನೋಡಿ. ಕಡಲ ಬದಿಯ ಗಾಡಿಗಳಲ್ಲಿ ಟರ್ಮಿನಲಿಗೆ ಕಿಲುಬು ಹಿಡಿಯುವುದು ತುಂಬಾ ಸಾಮಾನ್ಯ. ಉಪ್ಪು ಗಾಳಿ, ಮೇಲಿಂದ ಜೂನ್ ಜುಲೈಯ ತೇವ. ಇನ್ನೊಂದು, ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ವೈರುಗಳ ಮೇಲೆ ಸಣ್ಣಗೆ ಸ್ಪ್ರೇ ಮಾಡಿ ದೂರ ನಿಂತು ನೋಡಿ. ಲೀಕ್ ಇದ್ದಲ್ಲಿ ನೀಲಿ ಕಿಡಿ ಕಾಣುತ್ತದೆ, ಟಿಕ್ ಟಿಕ್ ಅಂತ ಸದ್ದೂ ಬರುತ್ತದೆ. ಲುಂಗಿ, ಶಾಲು ಬೆಲ್ಟಿನ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.

ಮತ್ತೊಬ್ಬರು (ಸುರತ್ಕಲ್): ಎಥನಾಲ್ ಪೆಟ್ರೋಲಿನಿಂದಲೇ ಹಳೇ ಗಾಡಿಗಳಿಗೆಲ್ಲ ಹೀಗಾಗುತ್ತಿದೆ ಅಂತಾರೆ, ಹೌದಾ ಸರ್?

ಉತ್ತರ: ಒಂದೇ ಸಿಲಿಂಡರ್ ಮಿಸ್ ಆದರೆ ಅದನ್ನು ಪೆಟ್ರೋಲಿನ ತಲೆಗೆ ಕಟ್ಟಬೇಡಿ. ಒಂದೇ ಕಾರ್ಬುರೇಟರಿನಿಂದ ಮೂರಕ್ಕೂ ಹೋಗುವುದು ಅದೇ ಪೆಟ್ರೋಲ್ ಅಲ್ವಾ? ಶೇಕಡಾ 20 ಎಥನಾಲ್ ಇದ್ದರೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಕಾರ್ಬುರೇಟರ್ ಅದನ್ನು ತಾನಾಗಿ ಸರಿಮಾಡಿಕೊಳ್ಳುವುದಿಲ್ಲ, ಹಳೇ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ, ಅದೆಲ್ಲ ನಿಜ. ನನಗೆ ಹೆಚ್ಚು ಚಿಂತೆ ನಿಂತೇ ಇರುವ ಗಾಡಿಗಳದ್ದು. ಮಗ ದುಬೈಯಲ್ಲಿ, ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ, ಅಂಥ ಮನೆಗಳು ನಮ್ಮಲ್ಲಿ ಎಷ್ಟು ಬೇಕು. ಎಥನಾಲ್ ನೀರು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ಅಡಿಗೆ ಕೂರುತ್ತವೆ, ಪಂಪ್ ಮೊದಲು ಎಳೆಯುವುದೂ ಅದನ್ನೇ. ಆಗ ಎಲ್ಲ ಸಿಲಿಂಡರೂ ಮಿಸ್ ಹೊಡೆಯುತ್ತವೆ. ಟ್ಯಾಂಕ್ ಖಾಲಿ ಮಾಡಿಸಿ.

ಮತ್ತೊಬ್ಬರು (ಕಂಕನಾಡಿ): 2012ರ ಸ್ವಿಫ್ಟ್ ಪೆಟ್ರೋಲ್. ಜರ್ಕ್ ಬರುವಾಗ ಚೆಕ್ ಇಂಜಿನ್ ಲೈಟ್ ಮಿನುಗುತ್ತದೆ. ಸ್ಕ್ಯಾನರಿನಲ್ಲಿ ಪಿ0302 ಬಂತು.

ಉತ್ತರ: ಆ ಕೋಡ್ ಅಂದರೆ ಎರಡನೇ ಸಿಲಿಂಡರ್ ಮಿಸ್. ನಿಮ್ಮದರಲ್ಲಿ ಪ್ಲಗ್ಗಿಗೊಂದು ಕಾಯಿಲ್. ಎರಡನೆಯ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಪಿ0303 ಬಂದರೆ, ಅಂದರೆ ಮಿಸ್ ಮೂರಕ್ಕೆ ಹೋದರೆ, ಕಾಯಿಲ್ ಹೋಗಿದೆ. ಲೈಟ್ ಮಿನುಗುವಾಗ ಮಾತ್ರ ಗಾಡಿ ಎಳೆದುಕೊಂಡು ತಿರುಗಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಅದು ಒಳಗೇ ಕರಗುತ್ತದೆ, ಅದರ ರೇಟಿನ ಮುಂದೆ ಕಾಯಿಲ್ ಏನೂ ಅಲ್ಲ.

ಮಲ್ಪೆಯವರು: ಅಣ್ಣ, ನೋಡಿದೆ. ಎರಡನೇ ವೈರ್ ತೆಗೆದರೆ ಏನೂ ವ್ಯತ್ಯಾಸ ಇಲ್ಲ. ಕ್ಯಾಪಿನಲ್ಲಿ ಗೆರೆ ಇಲ್ಲ, ಕಿಲುಬು ಇದೆ. ಆ ಸಿಲಿಂಡರಿನ ಪ್ಲಗ್ ಒದ್ದೆ, ಪೆಟ್ರೋಲ್ ವಾಸನೆ.

ಉತ್ತರ: ಒಳ್ಳೇದಾಯ್ತು. ಪ್ಲಗ್ ಒದ್ದೆ ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಕಾರ್ಬುರೇಟರ್ ಪಾಪ. ಈಗ ಒಂದನೆಯ ಮತ್ತು ಎರಡನೆಯ ವೈರುಗಳನ್ನು ಎರಡೂ ತುದಿ ಬಿಚ್ಚಿ ಅದಲುಬದಲು ಮಾಡಿ, ಆದರೆ ಕ್ಯಾಪಿನ ಯಾವ ಟರ್ಮಿನಲ್ ಯಾವ ಸಿಲಿಂಡರಿಗೆ ಅನ್ನುವುದು ತಪ್ಪಬಾರದು. ಮಿಸ್ ಒಂದಕ್ಕೆ ಬಂದರೆ ವೈರ್ ಹೋಗಿದೆ. ಸೆಟ್ ಪೂರ್ತಿ ಹಾಕಿ, ಕ್ಯಾಪ್ ರೋಟರೂ ಒಟ್ಟಿಗೆ ಆಗಿಹೋಗಲಿ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಇರಲಿ, ಹೊಸ ಪ್ಲಗ್ಗನ್ನೂ ಅಳತೆ ನೋಡಿಯೇ ಹಾಕಬೇಕು.

ಮಲ್ಪೆಯವರು: ವೈರ್ ಬದಲಿಸಿದರೂ ಎರಡರಲ್ಲೇ ಮಿಸ್ ನಿಂತರೆ?

ಉತ್ತರ: ಹೊಸ ಕ್ಯಾಪ್, ಹೊಸ ಪ್ಲಗ್ ಹಾಕಿಯೂ ಹಾಗೇ ಇದ್ದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನ ಒಳಗೆ ಆಗುವ ಪ್ರೆಷರ್, ನೋಡಬೇಕು. ಕಾಯಿಲಿನ ಕನೆಕ್ಷನ್ ತೆಗೆದು, ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದು ಗೇಜಿನಲ್ಲಿ ಓದುವುದು. ಎರಡನೆಯದು ಉಳಿದೆರಡಕ್ಕಿಂತ ತುಂಬಾ ಕಡಿಮೆ ಬಂದರೆ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವ್ ಲೀಕ್. ವಾಲ್ವ್ ಅಂತಾದರೂ ಹೆದರಬೇಡಿ. ವಾಲ್ವನ್ನು ಒತ್ತುವ ಟ್ಯಾಪೆಟ್ ತೀರಾ ಟೈಟ್ ಆಗಿದ್ದರೂ ವಾಲ್ವ್ ಪೂರ್ತಿ ಕೂರುವುದಿಲ್ಲ. ಅದನ್ನು ಅಡ್ಜಸ್ಟ್ ಮಾಡಿಸಿ ಇನ್ನೊಮ್ಮೆ ಕಂಪ್ರೆಷನ್ ತೆಗೆಸಿ, ಆಗಲೂ ಕಡಿಮೆ ಇದ್ದರೆ ಮಾತ್ರ ಹೆಡ್ ಬಿಚ್ಚಲು ಒಪ್ಪಿ.