ಒಂದೇ ಲ್ಯಾಪ್‌ಟಾಪ್, ಮೂರು ವಿಎಂ: ನೆಟ್‌ವರ್ಕ್ ಯಾವುದು ಇಡೋದು?

ಪ್ರಶ್ನೆ, ದಾವಣಗೆರೆ ವಿದ್ಯಾನಗರದಿಂದ

ಎಲ್ಲರಿಗೂ ನಮಸ್ಕಾರ. ಇಲ್ಲೇ ಸಣ್ಣದೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. 16 ಜಿಬಿ ರ್‍ಯಾಮಿನ ಒಂದು ಲ್ಯಾಪ್‌ಟಾಪ್, ಅದರಲ್ಲಿ ವರ್ಚುವಲ್‌ಬಾಕ್ಸ್, ಒಳಗೆ ಮೂರು ಉಬುಂಟು ವಿಎಂ, ಅಂದರೆ ಸಾಫ್ಟ್‌ವೇರಿನಲ್ಲೇ ಓಡುವ ಮೂರು ಕಂಪ್ಯೂಟರ್. ಒಂದು ವೆಬ್ ಸರ್ವರ್, ಒಂದು ಡೇಟಾಬೇಸ್, ಇನ್ನೊಂದು ಹುಡುಗರು ಕೆಡಿಸಿ ಕಲಿಯೋದಕ್ಕೆ. ಮೂರರಲ್ಲೂ ಐಪಿ 10.0.2.15 ಅಂತಲೇ ಬರುತ್ತದೆ, ಒಂದಕ್ಕೊಂದು ಪಿಂಗ್ ಆಗುವುದಿಲ್ಲ. ಬ್ರಿಡ್ಜ್ (ವಿಎಂ ನೇರವಾಗಿ ಅಲ್ಲಿನ ನೆಟ್‌ವರ್ಕಿಗೇ ಸೇರುವ ಸೆಟ್ಟಿಂಗ್) ಹಾಕಿದರೆ ಮನೆಯಲ್ಲಿ ಸರಿ ಇರುತ್ತದೆ. ಮೊನ್ನೆ ಒಂದು ಕಾಲೇಜಿಗೆ ಡೆಮೊ ಕೊಡೋಕೆ ಹೋದರೆ ಅಲ್ಲಿನ ವೈ-ಫೈನಲ್ಲಿ ವಿಎಂಗೆ ಅಡ್ರೆಸ್ಸೇ ಸಿಗಲಿಲ್ಲ. ಅಷ್ಟು ಹುಡುಗರ ಮುಂದೆ ಬೆವತುಹೋದೆ. ಸಾಫ್ಟ್‌ವೇರ್ ಬದಲಿಸಲಾ? ಇಲ್ಲ, ಇದನ್ನೆಲ್ಲ ಸುಲಭ ಮಾಡಿಕೊಡಿ ಅಂತ ವರ್ಚುವಲ್‌ಬಾಕ್ಸ್ ಮಾಡಿದವರನ್ನೇ ಕೇಳಬಹುದಾ?

ಚಿತ್ರದುರ್ಗ, ಜೋಗಿಮಟ್ಟಿ ರಸ್ತೆಯಿಂದ

ಸರ್, ಏನೂ ಬದಲಿಸಬೇಡಿ. 10.0.2.15 ತಪ್ಪಲ್ಲ. ನ್ಯಾಟ್ ಅನ್ನುವ ಸೆಟ್ಟಿಂಗ್ (ನಿಮ್ಮಲ್ಲಿ ಈಗಿರೋದು ಅದೇ) ಇಟ್ಟಾಗ ವರ್ಚುವಲ್‌ಬಾಕ್ಸ್ ಪ್ರತಿ ವಿಎಂಗೂ ಅದರದ್ದೇ ಒಂದು ರೂಟರ್ ಕೊಟ್ಟಂತೆ. ಎಲ್ಲದಕ್ಕೂ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, 10.0.2.2. ಮೂರು ಬೀದಿಯಲ್ಲಿ ಒಂದೇ ನಂಬರಿನ ಮೂರು ಮನೆ. ಹೊರಗೆ ಇಂಟರ್ನೆಟ್ಟಿಗೆ ಹೋಗಬಹುದು, ಪಕ್ಕದ ಬೀದಿಗೆ ದಾರಿ ಇಲ್ಲ.

ನಾನು ಪ್ರತಿ ವಿಎಂಗೂ ಎರಡು ನೆಟ್‌ವರ್ಕ್ ಕಾರ್ಡ್ ಹಾಕುತ್ತೇನೆ. ಅಡಾಪ್ಟರ್ 1 ನ್ಯಾಟ್, ಅಡಾಪ್ಟರ್ 2 ಹೋಸ್ಟ್-ಓನ್ಲಿ, ಅಂದರೆ ಲ್ಯಾಪ್‌ಟಾಪ್ (ಹೋಸ್ಟ್) ಮತ್ತು ವಿಎಂಗಳ ನಡುವೆ ಮಾತ್ರ ಇರುವ ನೆಟ್‌ವರ್ಕ್. ಹೋಸ್ಟ್-ಓನ್ಲಿಯಲ್ಲಿ ಲ್ಯಾಪ್‌ಟಾಪ್ ತಾನೇ 192.168.56.1 ಆಗುತ್ತದೆ. ವಿಎಂಗಳಿಗೆ 192.168.56.11, 12, 13 ಅಂತ ಕೈಯಲ್ಲೇ ಬರೆದಿಟ್ಟಿದ್ದೇನೆ. ಎಲ್ಲಿಗೆ ಹೋದರೂ ಈ ನಂಬರ್ ಬದಲಾಗಲ್ಲ. ಕಾಲೇಜಿನ ವೈ-ಫೈ ಇರಲಿ ಬಿಡಲಿ, ವಿಎಂಗಳು ಮಾತಾಡುತ್ತಲೇ ಇರುತ್ತವೆ. ಉಬುಂಟು ಸರ್ವರ್ ಆದರೆ ಎರಡನೇ ಕಾರ್ಡ್ ತಾನಾಗಿ ಏಳುವುದಿಲ್ಲ, ನೆಟ್‌ಪ್ಲಾನ್ ಫೈಲಿನಲ್ಲಿ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ಫೈಲ್) ಅದನ್ನೂ ಸೇರಿಸಬೇಕು. ಅಲ್ಲಿ ಗೇಟ್‌ವೇ ಮಾತ್ರ ಬರೆಯಬೇಡಿ. ಬರೆದರೆ ಇಂಟರ್ನೆಟ್ ಹೋಗುತ್ತದೆ, ಆಮೇಲೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡೋದು) ಹಾಳಾಗಿದೆ ಅಂತ ಅರ್ಧ ದಿನ ಹುಡುಕುತ್ತೀರಿ. ನಾನು ಹುಡುಕಿದ್ದೇನೆ.

ಹುಡುಗರ ಮೊಬೈಲಿನಲ್ಲಿ ವೆಬ್ ಪೇಜ್ ತೆರೆಯಬೇಕಾ? ನ್ಯಾಟ್ ಕಾರ್ಡಿಗೆ ಪೋರ್ಟ್ ಫಾರ್ವರ್ಡಿಂಗ್ ಕೊಡಿ: ಲ್ಯಾಪ್‌ಟಾಪಿನ 8080 ವಿಎಂನ 80ಕ್ಕೆ. ಅವರು ಲ್ಯಾಪ್‌ಟಾಪಿನ ಐಪಿ ಹಾಕಿದರೆ ಆಯಿತು. ನನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲೇ ಎಷ್ಟೋ ಸಲ ಹೀಗೆ ತೋರಿಸಿದ್ದೇನೆ.

ಬ್ರಿಡ್ಜ್ ಯಾಕೆ ಕೈಕೊಟ್ಟಿತು ಅಂದರೆ, ವೈ-ಫೈ ಆಕ್ಸೆಸ್ ಪಾಯಿಂಟ್ ತನ್ನ ಜೊತೆ ಸೇರಿದ ಸಾಧನದ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಮಾತ್ರ ಒಪ್ಪುತ್ತದೆ. ವರ್ಚುವಲ್‌ಬಾಕ್ಸ್ ವಿಎಂನ ಮ್ಯಾಕ್ ಅಳಿಸಿ ಲ್ಯಾಪ್‌ಟಾಪಿನದ್ದು ಹಾಕಿ ಕಳಿಸುತ್ತದೆ, ಮನೆಯಲ್ಲಿ ನಡೆದಿದ್ದು ಅದಕ್ಕೇ. ಲಾಗಿನ್ ಪೇಜ್ ಇರುವ, ಒಂದು ಸಾಧನಕ್ಕೆ ಒಂದೇ ಐಪಿ ಕೊಡುವ ಕಡೆ ಈ ಉಪಾಯ ನಡೆಯಲ್ಲ.

ಹರಿಹರದಿಂದ

ಮೂರೂ ವಿಎಂ ಒಂದನ್ನೇ ಕ್ಲೋನ್ (ನಕಲು) ಮಾಡಿದ್ದಾ? ಹಾಗಾದರೆ ಮುಂದೆ ಕಾದಿದೆ ನಿಮಗೆ. ನಾನು ಹೊಸ ಮ್ಯಾಕ್ ಕೊಡಿ ಅಂತ ಟಿಕ್ ಮಾಡಿಯೇ ಕ್ಲೋನ್ ಮಾಡಿದ್ದೆ. ಆದರೂ ಬ್ರಿಡ್ಜ್‌ನಲ್ಲಿ ಎರಡಕ್ಕೂ ಒಂದೇ ಐಪಿ. ಲಾಗಿನ್ ಆದರೆ ಒಮ್ಮೆ ಇದರೊಳಗೆ, ಒಮ್ಮೆ ಅದರೊಳಗೆ. ಯಾವುದರಲ್ಲಿ ಟೇಬಲ್ ಅಳಿಸಿದೆ ಅಂತ ನನಗೇ ಗೊತ್ತಿರಲಿಲ್ಲ. ಕಾರಣ ಮೆಷಿನ್ ಐಡಿ, ಅಂದರೆ /etc/machine-id ಫೈಲಿನಲ್ಲಿರುವ ಆ ಉಬುಂಟುವಿನ ಗುರುತು. ಉಬುಂಟು ಡಿಎಚ್‌ಸಿಪಿಯಲ್ಲಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ಐಪಿ ಕೇಳುವಾಗ ಮ್ಯಾಕ್ ಬದಲು ಮೆಷಿನ್ ಐಡಿಯಿಂದ ಹುಟ್ಟಿದ ಗುರುತು ಕಳಿಸುತ್ತದೆ. ಕ್ಲೋನ್ ಮಾಡುವ ಮುಂಚೆ ಆ ಫೈಲ್ ಖಾಲಿ ಮಾಡಿ, ಮುಂದಿನ ಬೂಟ್‌ನಲ್ಲಿ ಹೊಸದು ಬರುತ್ತದೆ.

ದಾವಣಗೆರೆ, ಎಪಿಎಂಸಿ ಹತ್ತಿರದಿಂದ

ನಾನು ಒಂದು ದಲ್ಲಾಳಿ ಮಂಡಿಯ ಲೆಕ್ಕ ನೋಡಿಕೊಳ್ಳುವವಳು. ಹಳೇ ಲೆಕ್ಕದ ಪ್ರೋಗ್ರಾಂ ವಿಂಡೋಸ್ 7ರಲ್ಲಿ ಮಾತ್ರ ಓಡುತ್ತದೆ, ಅದಕ್ಕೆ ಲಿನಕ್ಸ್ ಮೇಲೆ ವಿಎಂ ಓಡಿಸುವ ಕೆವಿಎಂ, ಅದನ್ನು ನಡೆಸೋಕೆ ವರ್ಟ್-ಮ್ಯಾನೇಜರ್. ನಾಲ್ಕು ಕಂಪ್ಯೂಟರ್‌ನಿಂದ ಬಿಲ್ ಹಾಕಬೇಕು, ಹಾಗಾಗಿ ನಮಗೆ ಬ್ರಿಡ್ಜ್ ಬೇಕೇ ಬೇಕು, ಅದೂ ಕೇಬಲ್ ಮೇಲೆ. ಮೊದಲು ಸುಲಭ ಅಂತ ಮ್ಯಾಕ್‌ವಿಟ್ಯಾಪ್ (ವಿಎಂ ಅನ್ನು ನೇರ ನೆಟ್‌ವರ್ಕ್ ಕಾರ್ಡಿಗೇ ಜೋಡಿಸುವ ವಿಧಾನ) ಆರಿಸಿದೆ. ಮೂರು ಕಂಪ್ಯೂಟರ್‌ನಲ್ಲಿ ತೆರೆಯಿತು, ವಿಎಂ ಇಟ್ಟಿರುವ ಕಂಪ್ಯೂಟರ್‌ನಲ್ಲೇ ತೆರೆಯಲಿಲ್ಲ! ಮೆಕ್ಕೆಜೋಳದ ಸೀಸನ್, ಹೊರಗೆ ರೈತರು ಚೀಟಿ ಹಿಡಿದು ನಿಂತಿದ್ದಾರೆ. ಮ್ಯಾಕ್‌ವಿಟ್ಯಾಪ್‌ನಲ್ಲಿ ಹೋಸ್ಟ್ ಮತ್ತು ವಿಎಂ ನೇರವಾಗಿ ಮಾತಾಡುವ ಹಾಗೇ ಇಲ್ಲ ಅಂತ ಆಮೇಲೆ ಓದಿದೆ. ನಿಜವಾದ ಲಿನಕ್ಸ್ ಬ್ರಿಡ್ಜ್ ಕಟ್ಟಿ, ಐಪಿಯನ್ನು ಕಾರ್ಡಿನ ಬದಲು ಬ್ರಿಡ್ಜಿಗೇ ಕೊಟ್ಟ ಮೇಲೆ ಸರಿಹೋಯಿತು.

ಆರು ತಿಂಗಳಾದ ಮೇಲೆ ಮತ್ತೆ ನಿಂತಿತು. ನಮ್ಮ ಹುಡುಗ ಅದೇ ಕಂಪ್ಯೂಟರಿಗೆ ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ಸಾಫ್ಟ್‌ವೇರ್) ಹಾಕಿದ್ದ. ಡಾಕರ್ ಫೈರ್‌ವಾಲ್‌ನ ಫಾರ್ವರ್ಡ್ ನಿಯಮವನ್ನು ಡ್ರಾಪ್‌ಗೆ, ಅಂದರೆ ಹಾದುಹೋಗುವುದನ್ನು ತಡೆಯುವ ಹಾಗೆ, ತಿರುಗಿಸುತ್ತದೆ, ಬ್ರಿಡ್ಜ್ ಮೇಲಿನ ಓಡಾಟವೂ ಅದಕ್ಕೆ ಸಿಕ್ಕಿಬೀಳುತ್ತದೆ. ಅಂದಹಾಗೆ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ಮುಗಿದಿದೆ. ಅದಕ್ಕೇ ಇಂಟರ್ನೆಟ್ಟಿಗೆ ಹೋಗದ ಹಾಗೆ ಆ ವಿಎಂಗೆ ಗೇಟ್‌ವೇನೇ ಕೊಟ್ಟಿಲ್ಲ.

ಚಳ್ಳಕೆರೆಯಿಂದ

ಮಾಡಿದವರನ್ನು ಕೇಳೋದರ ಬಗ್ಗೆ ಹೇಳ್ತೀನಿ. ಖಂಡಿತ ಕೇಳಿ, ಆದರೆ ಇಲ್ಲದ್ದನ್ನು ಕೇಳಿ. ನಾನು ಹೆಚ್ಚಿಗೆ ಕಾರ್ಡ್ ಬೇಕು ಅಂತ ಬರೆಯೋಕೆ ಕೂತಿದ್ದೆ. ನೋಡಿದರೆ ವರ್ಚುವಲ್‌ಬಾಕ್ಸ್‌ನ ಕಿಟಕಿಯಲ್ಲಿ ನಾಲ್ಕು, ಕಮಾಂಡ್‌ನಲ್ಲಿ ಎಂಟು ಆಗಲೇ ಇದೆ. ಸ್ಪೀಡ್ ಕಡಿಮೆ ಮಾಡೋದೂ ಕಮಾಂಡ್‌ನಲ್ಲಿ ಇದೆ. ನನಗೆ ಬೇಕಿರುವುದು ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ (ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್) ಇರುವಂಥದ್ದು: ಪ್ಯಾಕೆಟ್ ಇಷ್ಟು ಶೇಕಡಾ ಬಿದ್ದುಹೋಗಲಿ, ಇಷ್ಟು ತಡವಾಗಿ ಬರಲಿ ಅಂತ ಕಾರ್ಡಿನ ಸೆಟ್ಟಿಂಗಿನಲ್ಲೇ ಹೇಳೋದು. ಹಳ್ಳಿ ನೆಟ್ ಹೇಗಿರುತ್ತೆ ಅಂತ ಕ್ಲಾಸಿನಲ್ಲೇ ತೋರಿಸಬಹುದು. ವರ್ಕ್‌ಸ್ಟೇಷನ್ 2024ರ ನವೆಂಬರಿನಿಂದ ಎಲ್ಲರಿಗೂ ಉಚಿತ, ಅದನ್ನೂ ಒಮ್ಮೆ ನೋಡಿ.

ಸುಮ್ನೆ "ಬ್ರಿಡ್ಜ್ ಸುಲಭ ಮಾಡಿ" ಅಂತ ಬರೆದರೆ ಯಾರೂ ತಿರುಗಿ ನೋಡಲ್ಲ. ನೀವು ಮೇಲೆ ಬರೆದಿರುವ ಕಾಲೇಜಿನ ಕಥೆಯನ್ನೇ ಬರೆಯಿರಿ: ಹೋಸ್ಟ್ ಯಾವುದು, ಆವೃತ್ತಿ ಯಾವುದು, ವೈ-ಫೈನಾ ಕೇಬಲ್ಲಾ, ಏನು ಆಗಬೇಕಿತ್ತು, ಏನಾಯಿತು. ಲಾಗ್ ಫೈಲ್ ಜೊತೆಗಿಡಿ. ಒಂದು ಪತ್ರಕ್ಕೆ ಒಂದೇ ಬೇಡಿಕೆ.

ಮತ್ತೆ ವಿದ್ಯಾನಗರದಿಂದ

ಎರಡು ಕಾರ್ಡ್ ಹಾಕಿದೆ, ಡೇಟಾಬೇಸ್ ಪಿಂಗ್ ಆಯಿತು. ಗೇಟ್‌ವೇ ಬರೆಯಬೇಡಿ ಅಂದರೂ ಒಂದರಲ್ಲಿ ಬರೆದು, ಇಂಟರ್ನೆಟ್ ಕಳೆದುಕೊಂಡು, ಅಳಿಸಿದೆ. ಇವತ್ತಿನ ಕ್ಲಾಸಿನಲ್ಲಿ ವೆಬ್ ಸರ್ವರ್ ವಿಎಂನ ಸೆಟ್ಟಿಂಗಿನಲ್ಲಿ "ಕೇಬಲ್ ಕನೆಕ್ಟೆಡ್" ಟಿಕ್ ತೆಗೆದಿಟ್ಟು, ಏನಾಗಿದೆ ಹುಡುಕಿ ಅಂದೆ. ಒಬ್ಬ ಲ್ಯಾಪ್‌ಟಾಪ್ ಎತ್ತಿ ಹಿಂದುಗಡೆ ಕೇಬಲ್ ನೋಡಿದ.