ಶಾಲೆಗೆ ನಾಲ್ಕು ಬೆಂಕಿ ಆರಿಸೋ ಸಿಲಿಂಡರ್ ತಂದರೆ ಸಾಕಾ?

ಪ್ರಶ್ನೆ | ತಿಪಟೂರು ಕಡೆಯವ
ತಿಪಟೂರು ತಾಲ್ಲೂಕಿನ ಒಂದು ಅನುದಾನಿತ ಶಾಲೆ, 240 ಮಕ್ಕಳು. ನೆಲಮಹಡಿ, ಅದರ ಮೇಲೊಂದು ಮಹಡಿ. ಮೆಟ್ಟಿಲು ಒಂದೇ, ನಾಲ್ಕಡಿ ಅಗಲ. ಅದರ ಕೆಳಗೆ ಮುರಿದ ಬೆಂಚು, ಹಳೇ ಉತ್ತರಪತ್ರಿಕೆ ಗಂಟು. ಬಿಸಿಯೂಟದ ಅಡುಗೆಮನೆಗೆ ಹೊಂದಿಕೊಂಡೇ ತೆಂಗಿನ ಗರಿ ಚಪ್ಪರ, ಮಟ್ಟೆ, ಕರಟದ ರಾಶಿ. ಆಡಳಿತ ಮಂಡಳಿ 40 ಸಾವಿರ ಕೊಡುತ್ತದೆ. ನಾಲ್ಕು ಎಬಿಸಿ (ಕಟ್ಟಿಗೆ, ಎಣ್ಣೆ, ಗ್ಯಾಸ್ ಬೆಂಕಿಗೆ ಪುಡಿ ಎರಚುವ) ಸಿಲಿಂಡರ್, ಒಂದು ಸೈರನ್‌ಗೆ ಕೊಟೇಶನ್ ಬಂದಿದೆ. ಸಾಕಾ?

ಉತ್ತರ | ಕಟ್ಟಡದ ಇಂಜಿನಿಯರ್, ತುಮಕೂರು
ಸಿಲಿಂಡರ್ ಬೇಕು, ಆದರೆ ಮೊದಲು ಅದಲ್ಲ. ಮೆಟ್ಟಿಲ ಕೆಳಗಿನ ಸಾಮಾನು ನಾಳೆಯೇ ತೆಗೆಸಿ, ದುಡ್ಡೇನೂ ಬೇಕಿಲ್ಲ. ಅಲ್ಲಿ ಕಿಡಿ ಬಿದ್ದರೆ ಹೊಗೆ ನೇರ ಮೇಲೇರುತ್ತದೆ. ಮಹಡಿ ಮಕ್ಕಳಿಗೆ ಇರೋದು ಅದೊಂದೇ ದಾರಿ.

ರಾಷ್ಟ್ರೀಯ ಕಟ್ಟಡ ಸಂಹಿತೆ (2016) ಶಾಲೆಯ ಮೆಟ್ಟಿಲಿಗೆ ಕನಿಷ್ಠ 1.5 ಮೀಟರ್ ಅಗಲ ಹೇಳುತ್ತದೆ, ನಿಮ್ಮದು 1.2. ಕಟ್ಟಡದ ಇನ್ನೊಂದು ತುದಿಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಬೇಕು. 40 ಸಾವಿರಕ್ಕೆ ಆಗಲ್ಲ, ಅದಕ್ಕೆ ಬೇರೆ ಅಂದಾಜು ಮಾಡಿಸಿ. ಅಲ್ಲಿವರೆಗೆ ಒಂದರಿಂದ ಮೂರನೇ ತರಗತಿ ಕೆಳಗಿರಲಿ, ಮೇಲಿನ ಸಂಖ್ಯೆ ಆದಷ್ಟು ಇಳಿಸಿ. ಮಹಡಿಯ ಕೊಠಡಿ ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಕೀಲು ಬದಲಿಸಿ ಹೊರಕ್ಕೆ ಮಾಡಿಸಿ. ಮಕ್ಕಳು ಒಟ್ಟಿಗೆ ಒತ್ತಿದರೆ ಒಳಕ್ಕೆ ತೆರೆಯೋ ಬಾಗಿಲು ತೆರೆಯೋದೇ ಇಲ್ಲ. ಆದರೆ ತೆರೆದ ಬಾಗಿಲು ಮೊಗಸಾಲೆಯ ದಾರಿಗೆ ಅಡ್ಡ ಬರಬಾರದು, ಪೂರ್ತಿ ಹಿಂದಕ್ಕೆ ಮಡಚಿ ಗೋಡೆಗೆ ಅಂಟಿಕೊಳ್ಳಬೇಕು.

ಉತ್ತರ | ಅಡುಗೆಮನೆ ವಿಚಾರ ಬಲ್ಲವರು, ಗುಬ್ಬಿ
ಚಪ್ಪರ ಇವತ್ತೇ ಇಳಿಸಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿ ಮಾಡಿಗೆ ತಗುಲಿ 94 ಮಕ್ಕಳು ಸತ್ತರು. ಮಂಡಳಿ ಒಪ್ಪದಿದ್ದರೆ ಆ ದುರಂತದ ನಂತರದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಶಾಲೆಗಳ ಬೆಂಕಿ ಸುರಕ್ಷತೆ ಬಗ್ಗೆ 2009ರಲ್ಲಿ ಕೊಟ್ಟ ತೀರ್ಪು ಮುಂದಿಡಿ. ಬದಲಿಗೆ ತಗಡು ಹಾಕಿಸಿ. ಹಸಿರು ನೆಟ್ ಬೇಡ, ಅದೂ ಉರಿಯುತ್ತದೆ, ಕರಗಿ ಮೈಮೇಲೆ ಸುರಿಯುತ್ತದೆ.

ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಿಳಿದು ಅಲ್ಲೇ ನಿಲ್ಲುತ್ತದೆ. ನೆಲಮಟ್ಟದಲ್ಲಿ ಗಾಳಿಕಿಂಡಿ ಬೇಕು. ಗ್ಯಾಸ್ ಸಿಲಿಂಡರ್ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಮಟ್ಟೆ ರಾಶಿ ಹತ್ತಿರ ಬೇಡವೇ ಬೇಡ. ಸೋರಿಕೆ ನೋಡಲು ಸಾಬೂನು ನೀರು ಹಚ್ಚಿ. ಕಡ್ಡಿ ಗೀರಿ ನೋಡೋ ಚಾಳಿ ಇನ್ನೂ ಇದೆ! ಅಡುಗೆ ಮುಗಿದ ಮೇಲೆ ಒಲೆಯ ಗುಬಟು ಮಾತ್ರ ಅಲ್ಲ, ರೆಗ್ಯುಲೇಟರನ್ನೂ ಬಂದ್ ಮಾಡಲಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಎರಚಬಾರದು. ಗ್ಯಾಸ್ ನಿಲ್ಲಿಸಿ, ದೊಡ್ಡ ಮುಚ್ಚಳ ಮುಚ್ಚಿ ಹಾಗೇ ಬಿಡಿ.

ಉತ್ತರ | ಬೆಂಕಿ ಆರಿಸೋ ಸಿಲಿಂಡರ್ ಸರ್ವೀಸ್ ಮಾಡುವವರು
ನಾಲ್ಕು ಸರಿ, ಮಹಡಿಗೆ ಎರಡರಂತೆ. ಯಾವ ಮೂಲೆಯಿಂದಲೂ 15 ಮೀಟರ್ ಒಳಗೆ ಒಂದು ಸಿಗಬೇಕು. ಅಡುಗೆಮನೆಯದನ್ನು ಒಲೆಯ ಮೇಲಲ್ಲ, ಬಾಗಿಲ ಬಳಿ ತೂಗುಹಾಕಿ.

ಸಿಲಿಂಡರಿನ ಒತ್ತಡ ತೋರಿಸೋ ಮುಳ್ಳು ಹಸಿರಲ್ಲಿದ್ದರೂ ಒಳಗಿನ ಪುಡಿ ಹೆಪ್ಪುಗಟ್ಟಿರಬಹುದು. ಮೂರು ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಪುಡಿ ಸರಿದಾಡುತ್ತದಾ ನೋಡಿ, ಪಿನ್ನು, ಸೀಲು ಪರೀಕ್ಷಿಸಿ, ಚೀಟಿಯಲ್ಲಿ ತಾರೀಕು ಬರೆಯಿರಿ. 6 ಕೆಜಿಯದು ಹೆಚ್ಚೆಂದರೆ ಅರ್ಧ ನಿಮಿಷ ಬರುತ್ತದೆ. ಪಿನ್ನು ಎಳೆದು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹೊಡೆಯಬೇಕು. ರೀಫಿಲ್‌ಗೆ ಹೋಗೋದನ್ನು ಬರೀ ಖಾಲಿ ಮಾಡಿಸಬೇಡಿ, ಅಡುಗೆಯವರು, ಶಿಕ್ಷಕರ ಕೈಲಿ ಹೊಡೆಸಿ ಕಲಿಸಿ.

ಪ್ರಶ್ನೆ ಕೇಳಿದವರು
ಚಪ್ಪರ ಸರಿ ಸಾರ್, ಇಳಿಸುತ್ತೇವೆ. ಆದರೆ ಮಕ್ಕಳು ಆಚೆ ಹೋಗದಿರಲಿ ಅಂತ ಮೆಟ್ಟಿಲ ಬುಡದ ಗೇಟಿಗೆ ಹಗಲಲ್ಲೂ ಬೀಗ ಹಾಕುತ್ತಾರೆ. ಕೀಲಿ ಮುಖ್ಯೋಪಾಧ್ಯಾಯರ ಹತ್ತಿರ.

ಉತ್ತರ | ಕಟ್ಟಡದ ಇಂಜಿನಿಯರ್, ತುಮಕೂರು
ಇದನ್ನು ಮೊದಲೇ ಹೇಳಬೇಕಿತ್ತು. ಶಾಲೆ ನಡೆಯುವಾಗ ಆ ಗೇಟಿಗೆ ಬೀಗ ಕೂಡದು. ಒಳಗಿನಿಂದ ಮಕ್ಕಳ ಕೈಗೆ ಎಟುಕೋ ಅಗುಳಿ ಹಾಕಿಸಿ, ಕಾವಲು ಕಾಂಪೌಂಡ್ ಗೇಟಿನಲ್ಲಿರಲಿ. ಸೈರನ್ ದುಡ್ಡು ಆ ಅಗುಳಿಗೂ ಬಾಗಿಲ ಕೀಲು ಬದಲಿಸೋದಕ್ಕೂ ಹೋಗಲಿ. ಕರೆಂಟ್ ಹೋದರೆ ಸೈರನ್ ಕೂಗಲ್ಲ, ಹಳೇ ಕಂಚಿನ ಗಂಟೆ ಕೂಗುತ್ತದೆ. ಊಟದ ಗಂಟೆಗಿಂತ ಬೇರೆಯಾಗಿ, ನಿಲ್ಲಿಸದೆ ಬಾರಿಸೋದು ಅಂತ ಗೊತ್ತುಮಾಡಿ. ಅಣಕು ಅಭ್ಯಾಸದಲ್ಲಿ ಹಾಜರಿ ಪುಸ್ತಕ ಹಿಡಿದು ಮೈದಾನದಲ್ಲಿ ತಲೆ ಎಣಿಸಿ. ಬೆಂಕಿ ಇಂಜಿನ್ ಬರೋ ದಾರಿಯಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ನಿಜವಾಗಿ ಹೊತ್ತಿಕೊಂಡರೆ ಒಬ್ಬರು ಅದೇ ಗಳಿಗೆ 112ಕ್ಕೋ 101ಕ್ಕೋ ಫೋನ್ ಮಾಡಬೇಕು, ಆರಿಸಿ ನೋಡೋಣ ಅಂತ ಕಾಯಬಾರದು. ಅದು ಯಾರು ಅಂತ ಮೊದಲೇ ಹೆಸರು ಹೇಳಿಡಿ.