ಸಹಾಯ ಬೇಕು: ಪ್ರಾಟ್‌ನಲ್ಲಿ ವಾಕ್ಯದ ಕೊನೆಯ ಇಳಿದನಿ ಅಳೆಯುವುದು ಹೇಗೆ?

ಕನ್ನಡ ಮನೆಮಾತಿನವರ ಇಂಗ್ಲಿಷ್ ಪ್ರಶ್ನೆಗಳ ಏರಿಳಿತವನ್ನು ಪ್ರಾಟ್ ಎಂಬ ಧ್ವನಿ ವಿಶ್ಲೇಷಣೆಯ ತಂತ್ರಾಂಶದಲ್ಲಿ ನೋಡುತ್ತಿದ್ದೇನೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ವೇರ್, ವೆನ್ ಪ್ರಶ್ನೆಗಳು ಸಾಮಾನ್ಯವಾಗಿ ಇಳಿದನಿಯಲ್ಲೇ ಮುಗಿಯುತ್ತವೆ. ನಮ್ಮವರಲ್ಲಿ ಅದು ಎಷ್ಟು ಇಳಿಯುತ್ತದೆ ಅನ್ನುವುದೇ ನನಗೆ ಬೇಕಾದ್ದು.

ಪ, ಟ, ಕ, ಸ ಬಂದಲ್ಲಿ ಗಂಟಲ ತಂತುಗಳು ಕಂಪಿಸುವುದಿಲ್ಲ, ಪಿಚ್ ಗೆರೆ (ದನಿಯ ಏರಿಳಿತ ತೋರಿಸುವ ಗೆರೆ) ತುಂಡಾಗುತ್ತದೆ. ಅದಕ್ಕೇ ‘ವೇರ್ ವರ್ ಯೂ ಆಲ್ ಮಾರ್ನಿಂಗ್?’ ಎಂಬಂಥ, ತಂತುಗಳು ಕಂಪಿಸುವ ಘೋಷ ಧ್ವನಿಗಳದೇ ವಾಕ್ಯ ಆರಿಸಿದ್ದೇನೆ. ರೆಕಾರ್ಡಿಂಗ್ ವೇವ್ ಫೈಲ್, 44,100 ಹರ್ಟ್ಜ್, ಮೋನೋ. (ವಾಟ್ಸಾಪ್ ಧ್ವನಿ ಸಂದೇಶ ಖಂಡಿತ ಅಲ್ಲ!)

ತೊಂದರೆ ಇರುವುದು ‘ಮಾರ್ನಿಂಗ್’ನಲ್ಲಿ. ಗಂಡುದನಿಗಳಲ್ಲಿ ಗೆರೆ 110ರಿಂದ ಒಮ್ಮೆಲೇ 55 ಹರ್ಟ್ಜ್‌ಗೆ ಬೀಳುತ್ತದೆ. ಸರಿಯಾಗಿ ಅರ್ಧ, ಅಂದರೆ ನಿಜವಾದ ಇಳಿತವಲ್ಲ, ಲೆಕ್ಕದ ತಪ್ಪೇ ಇರಬೇಕು. ಪಿಚ್‌ನ ಕೆಳಮಿತಿ 50ರಿಂದ 75ಕ್ಕೆ ಏರಿಸಿದರೆ ಈ ಜಿಗಿತ ಹೋಗುತ್ತದೆ, ಆದರೆ ದನಿ ಗೊರಗೊರ ಆಗುವ ಕೊನೆಯ ಭಾಗದ ಗೆರೆಯೂ ಮಾಯ.

ಅಂಥ ಕಡೆ ಅಲೆಗಳ ನಡುವಿನ ಅಂತರ ಕೈಯಾರೆ ಅಳೆದು ಆವರ್ತನ ತೆಗೆಯುತ್ತೀರಾ, ಅಥವಾ ಗೊರಗು ಶುರುವಾಗುವ ಮೊದಲಿನ ಬಿಂದುವನ್ನೇ ಕೊನೆಯೆಂದು ಹಿಡಿಯುತ್ತೀರಾ? ಹೆಣ್ಣುದನಿಗಳಿಗೆ ಪಿಚ್ ಮಿತಿ 100–500 ಹರ್ಟ್ಜ್ ಇಟ್ಟಿದ್ದೇನೆ, ಅಲ್ಲಿ ಸಮಸ್ಯೆ ಕಡಿಮೆ. ಹೋಲಿಕೆಗೆ ಹರ್ಟ್ಜ್ ಬಿಟ್ಟು ಸೆಮಿಟೋನ್ (ಸಂಗೀತದ ಅರ್ಧಸ್ವರದ ಅಳತೆ) ಬಳಸುತ್ತಿದ್ದೇನೆ. ಈ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಸೆಟ್ಟಿಂಗ್ ತಿಳಿಸಿ.